7 ಕೆಜಿಯ ಸಪ್ ಬೋರ್ಡು ಸಸಿಹಿತ್ಲು ಅಲೆಗೆ ಬಾಳುತ್ತಾ?

ನಿಮ್ಮ ಪ್ರಶ್ನೆ ಇಷ್ಟು: ನಿಮ್ಮ ತೂಕ 82 ಕೆಜಿ, ಇರುವುದು ಬೆಂಗಳೂರು. ತಿಂಗಳಿಗೆ ಒಂದೆರಡು ಸಲ ಮೂಲ್ಕಿ ಕಡೆಯ ಸಸಿಹಿತ್ಲು ಕಡಲತೀರಕ್ಕೆ ಬಂದು, ನಿಂತು ಹುಟ್ಟು ಹಾಕುವ ಸಪ್ ಬೋರ್ಡಿನಲ್ಲಿ ಅಲೆ ಹಿಡಿಯುತ್ತೀರಿ. ಎರಡು ಬೋರ್ಡು ನೋಡಿಟ್ಟಿದ್ದೀರಿ. ಎರಡೂ ಉದ್ದ 8 ಅಡಿ 10 ಇಂಚು, ಗಾತ್ರ 120 ಲೀಟರ್. ಒಂದು 7 ಕೆಜಿಯ ಕಾರ್ಬನ್, ಇನ್ನೊಂದು 9.5 ಕೆಜಿಯ ಸ್ಯಾಂಡ್‌ವಿಚ್. ಹಗುರದ್ದು ಅಲೆಗೆ ಬೇಗ ಮುರಿಯುತ್ತಾ ಅಂತ ಕೇಳಿದ್ದೀರಿ.

9.5ರದ್ದನ್ನೇ ತಗೊಳ್ಳಿ. ಆದರೆ ಮುರಿಯುವ ಭಯಕ್ಕೆ ತಗೋಬೇಡಿ. ನಾನು ಒಂದು ಹಗುರ ಬೋರ್ಡನ್ನು ಎರಡು ವರ್ಷದಲ್ಲಿ ಹಾಳು ಮಾಡಿ ಮುಗಿಸಿದವನು. ಅದರಲ್ಲಿ ಅಲೆಯ ಪಾಲು ಕಾಲು ಭಾಗ ಇರಬಹುದು. ಉಳಿದದ್ದೆಲ್ಲ ದಡದ ಮೇಲೆ, ನನ್ನ ಕೈಯಾರೆ ಆದದ್ದು.

ಮೊದಲು ತೂಕದ ಲೆಕ್ಕ ನೋಡಿ. ಈ ಬೋರ್ಡುಗಳ ಹೊಟ್ಟೆಯಲ್ಲಿ ಇರುವುದು ಥರ್ಮೊಕೋಲ್. ಹೊಸ ಟೀವಿಯ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಅದೇ ಜಾತಿ. ಒಂದು ಘನ ಮೀಟರಿಗೆ ಹೆಚ್ಚುಕಡಿಮೆ 16ರಿಂದ 20 ಕೆಜಿ. ಹಾಗಾಗಿ 120 ಲೀಟರ್ ಬೋರ್ಡಿನಲ್ಲಿ ಥರ್ಮೊಕೋಲ್ ಬರೀ ಎರಡು ಕೆಜಿ. ಫಿನ್ (ಬೋರ್ಡಿನ ಅಡಿಯ ರೆಕ್ಕೆ) ಕೂರಿಸುವ ಡಬ್ಬಿಗಳು, ಹಿಡಿಕೆ, ಕಾಲಡಿಯ ಹಾಸು ಎಲ್ಲ ಸೇರಿ ಇನ್ನೊಂದು ಕೆಜಿ ಅನ್ನಿ. ಇಷ್ಟು ನಿಮ್ಮ ಎರಡೂ ಬೋರ್ಡಿಗೂ ಒಂದೇ. ಉಳಿದದ್ದು ಮೇಲಿನ ಚಿಪ್ಪು. ಒಂದರದ್ದು 4 ಕೆಜಿ, ಇನ್ನೊಂದರದ್ದು 6.5. ತೂಕ ಇಳಿಸಬೇಕು ಅಂದರೆ ಮಾಡುವವರಿಗೆ ಕೈ ಹಾಕಲು ಇರುವ ಜಾಗ ಈ ಚಿಪ್ಪೊಂದೇ. ಬೋರ್ಡಿನ ತೂಕದಲ್ಲಿ ಕಾಲು ಭಾಗ ಕಮ್ಮಿ ಅಂತ ಜಾಹೀರಾತಿನಲ್ಲಿ ಕಾಣುವುದು, ಚಿಪ್ಪಿನ ಲೆಕ್ಕಕ್ಕೆ ಬಂದಾಗ ಶೇ. 40ರ ಹತ್ತಿರ ಕಮ್ಮಿ ಆಗಿರುತ್ತದೆ.

ನನ್ನ ಮೊದಲ ಬೋರ್ಡು 7.4 ಕೆಜಿ. ಥರ್ಮೊಕೋಲ್ ಮೇಲೆ ನೇರವಾಗಿ ಎರಡು ಪದರ ಗ್ಲಾಸ್ ಫೈಬರ್ ಬಟ್ಟೆ, ಅದಕ್ಕೆ ಎಪಾಕ್ಸಿ ಅನ್ನುವ ಗಟ್ಟಿಯಾಗುವ ಅಂಟು. ಅಷ್ಟೇ. ಕಂಕುಳಲ್ಲಿ ಇಟ್ಟುಕೊಂಡು ಮರಳಲ್ಲಿ ಓಡುವಾಗ ಬಹಳ ಖುಷಿಯಾಗುತ್ತಿತ್ತು. ಎರಡನೇ ತಿಂಗಳಿಗೆ ಹಿಂಗಾಲು ಊರುವ ಜಾಗದಲ್ಲಿ ಎರಡು ತಗ್ಗು ಬಿತ್ತು, ಇಡ್ಲಿ ತಟ್ಟೆಯ ಗುಳಿಯ ಹಾಗೆ. ಅಲೆಯ ಬುಡದಲ್ಲಿ ಬೋರ್ಡು ತಿರುಗಿಸುವಾಗ ಮೈಭಾರವೆಲ್ಲ ಒಂದು ಹಿಮ್ಮಡಿಯ ಮೇಲೆ ಬೀಳುತ್ತದೆ. ಗ್ಲಾಸ್ ಬಾಗಿ ಮತ್ತೆ ಮೇಲೆ ಬರುತ್ತದೆ. ಅದರಡಿಯ ಥರ್ಮೊಕೋಲ್ ಒಮ್ಮೆ ಅಮುಕಿದರೆ ಮುಗಿಯಿತು, ಮೇಲೇಳುವುದಿಲ್ಲ. ಎರಡರ ನಡುವೆ ಸಣ್ಣ ಸಂದು ಆಗುತ್ತದೆ. ಅಲ್ಲಿಂದ ಪದರ ಬಿಡಲು ಶುರು.

ಸ್ಯಾಂಡ್‌ವಿಚ್ ಬೋರ್ಡಿನಲ್ಲಿ ಈ ಜಾಗಕ್ಕೇ ಮದ್ದು ಇದೆ. ಥರ್ಮೊಕೋಲ್ ಮೇಲೆ ಒಂದು ಪದರ ಗ್ಲಾಸ್, ಅದರ ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ಗಟ್ಟಿ ಪಿವಿಸಿ ಫೋಮ್ ಅಥವಾ ತೆಳು ಮರದ ಹಾಳೆ, ಮತ್ತೆ ಗ್ಲಾಸ್. ರಟ್ಟಿನ ಪೆಟ್ಟಿಗೆ ಯಾಕೆ ಗಟ್ಟಿ? ಎರಡು ತೆಳು ಕಾಗದದ ನಡುವೆ ಅಂತರ ಇಟ್ಟಿದ್ದಾರಲ್ಲ, ಅದಕ್ಕೆ. ಇದೂ ಹಾಗೇ. ಹಿಮ್ಮಡಿಯ ಭಾರ ಒಂದು ಗುಳಿಯಲ್ಲಿ ನಿಲ್ಲದೆ ಅಗಲಕ್ಕೆ ಹರಡುತ್ತದೆ.

ಕಾರ್ಬನ್ ಅಂದರೆ ಎಲ್ಲದಕ್ಕೂ ಗಟ್ಟಿ ಅಂತ ನಾವು ನಂಬಿದ್ದೇವೆ. ಬಾಗದೆ ನಿಲ್ಲುವುದರಲ್ಲಿ ಅದನ್ನು ಮೀರಿಸುವುದು ಕಷ್ಟ, ನಿಜ. ಆದರೆ ಒಂದೇ ಬಿಂದುವಿಗೆ ಪೆಟ್ಟು ಬಿದ್ದರೆ ತೆಳು ಕಾರ್ಬನ್ ಹಪ್ಪಳದ ಹಾಗೆ ಬಿರಿಯುತ್ತದೆ. ಆ ಪೆಟ್ಟು ಕೊಡುವುದು ಯಾರು ಗೊತ್ತಾ? ನಿಮ್ಮದೇ ಹುಟ್ಟು. ಅಲೆ ಬಂತು ಅಂತ ಗಡಿಬಿಡಿಯಲ್ಲಿ ನಾಲ್ಕು ಸಲ ಜೋರಾಗಿ ಎಳೆದರೆ ಅದರಲ್ಲಿ ಒಂದು ಸಲವಾದರೂ ಅಲಗು ಬೋರ್ಡಿನ ಅಂಚಿಗೆ ತಾಗುತ್ತದೆ. ಅಂಚಿಗೆ ಪಾರದರ್ಶಕ ರೈಲ್ ಟೇಪ್ ಹಚ್ಚಿಕೊಳ್ಳಿ, ಯಾವ ಬೋರ್ಡಾದರೂ ಸರಿ.

ಇನ್ನು ಬಿಸಿಲು. ನನ್ನ ಬೋರ್ಡು ನಿಜವಾಗಿ ಸತ್ತಿದ್ದು ಇಲ್ಲಿ. ಏಪ್ರಿಲ್ ತಿಂಗಳು, ಬೆಳಿಗ್ಗೆ ಅಲೆ ಮುಗಿಸಿ ಬೋರ್ಡನ್ನು ಕಾರಿನ ಮೇಲೆ ಕಟ್ಟಿ ಊಟಕ್ಕೆ ಹೋದೆ. ಮುಕ್ಕಾಲು ಗಂಟೆ. ಬಂದು ನೋಡಿದರೆ ಮೇಲ್ಮೈಯಲ್ಲಿ ಪೂರಿಯ ಹಾಗೆ ಉಬ್ಬಿದ ಒಂದು ಗುಳ್ಳೆ, ಅಂಗೈ ಅಗಲ. ಒತ್ತಿದರೆ ಪುಸ್ ಅಂತ ಕೆಳಗೆ, ಬಿಟ್ಟರೆ ಮೇಲೆ. ಸರಿಯಾಗಿ ಹಿಮ್ಮಡಿ ತಗ್ಗು ಬಿದ್ದಿದ್ದ ಜಾಗದಲ್ಲೇ!

ಥರ್ಮೊಕೋಲ್ ಅಂದರೆ ಬಹುಪಾಲು ಗಾಳಿ. 25 ಡಿಗ್ರಿಯ ಗಾಳಿ ಮುಚ್ಚಿದ ಬೋರ್ಡಿನೊಳಗೆ 65 ಡಿಗ್ರಿಗೆ ಏರಿದರೆ ಒತ್ತಡ ಶೇ. 13ರಷ್ಟು ಜಾಸ್ತಿಯಾಗುತ್ತದೆ. ಸಾಮಾನ್ಯ ಶಾಖದಲ್ಲಿ ಒಣಗಿಸಿದ ಎಪಾಕ್ಸಿ 50-60 ಡಿಗ್ರಿ ದಾಟುವ ಹೊತ್ತಿಗೆ ಮೆತ್ತಗಾಗುತ್ತದೆ. ಒಳಗಿಂದ ಗಾಳಿ ನೂಕುತ್ತಿದೆ, ಹಿಡಿದುಕೊಳ್ಳಬೇಕಾದ ಅಂಟು ಸಡಿಲ ಆಗಿದೆ. ಇನ್ನೇನು ಆಗುತ್ತದೆ? ಬೋರ್ಡು ಕಪ್ಪಗಿದ್ದರಂತೂ ಕೇಳಲೇಬೇಡಿ. ನೀವು ನೋಡಿದ ಆ ಕಾರ್ಬನ್ ಬೋರ್ಡಿನ ಮೇಲ್ಮೈ ಪೂರ್ತಿ ಕಪ್ಪಾಗಿದ್ದರೆ, ನಮ್ಮ ಕರಾವಳಿಗೆ ಅದನ್ನು ತರಬೇಡಿ ಅನ್ನುವುದಕ್ಕೆ ನನಗೆ ಇದೊಂದೇ ಕಾರಣ ಸಾಕು.

ಇದಕ್ಕಿಂತ ಕಳ್ಳ ಕೆಲಸ ಒಂದಿದೆ. ಕಾದ ಬೋರ್ಡನ್ನು ಹಾಗೇ ತಂದು ನೀರಿಗೆ ಹಾಕುತ್ತೇವೆ, ಅಲ್ವಾ? ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದ್ದರೆ ಅಲ್ಲಿಂದ ನೀರನ್ನು ಸ್ಟ್ರಾ ಹಾಕಿ ಎಳೆದ ಹಾಗೆ ಎಳೆದುಕೊಳ್ಳುತ್ತದೆ. ನನ್ನದು ಒಂದು ವರ್ಷದ ಮೇಲೆ ತೂಗಿದಾಗ 8.3 ಕೆಜಿ ಬಂತು. 900 ಗ್ರಾಂ ಸಮುದ್ರ ಹೊಟ್ಟೆಯಲ್ಲಿ. ಹಗುರ ಅಂತ ಜಾಸ್ತಿ ದುಡ್ಡು ಕೊಟ್ಟಿದ್ದು ಅಲ್ಲಿಗೆ ಸಮ ಆಯಿತು! ಅರ್ಧ ಗಂಟೆ ನೆರಳಲ್ಲಿ ಇಟ್ಟು ಆಮೇಲೆ ನೀರಿಗೆ ಇಳಿಸಿ.

ನಿಮಗೆ ಇನ್ನೊಂದು ಸೇರಿಕೊಳ್ಳುತ್ತದೆ, ಘಾಟಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿ ಹೊರಗಿನ ಗಾಳಿಯ ಒತ್ತಡ ಇಲ್ಲಿಗಿಂತ ಶೇ. 10ರಷ್ಟು ಕಮ್ಮಿ. ಸಸಿಹಿತ್ಲಿನಲ್ಲಿ ಬಿಗಿಯಾಗಿ ಮುಚ್ಚಿದ ಬೋರ್ಡು ಶಿರಾಡಿ ಹತ್ತಿ ಮನೆ ಸೇರುವಷ್ಟರಲ್ಲಿ ಒಳಗಿಂದ ಚದರ ಮೀಟರಿಗೆ ಒಂದು ಟನ್ ಹತ್ತಿರ ನೂಕುತ್ತಿರುತ್ತದೆ. ಬೋರ್ಡಿನ ಮೇಲೆ ರೂಪಾಯಿ ನಾಣ್ಯಕ್ಕಿಂತ ಚಿಕ್ಕದೊಂದು ಗಾಳಿ ತಿರುಪು ಇರುತ್ತದೆ. ಅದು ತಾನಾಗಿ ಗಾಳಿ ಬಿಡುವ ಜಾತಿಯದ್ದೋ, ಕೈಯಲ್ಲಿ ತೆಗೆಯುವುದೋ ಅಂತ ಕೊಳ್ಳುವ ಮೊದಲೇ ಕೇಳಿ. ಕೈಯಲ್ಲಿ ತೆಗೆಯುವುದಾದರೆ ಪ್ರಯಾಣದಲ್ಲಿ ಸಡಿಲ, ನೀರಿನಲ್ಲಿ ಬಿಗಿ. ಅದನ್ನು ಬಿಗಿ ಮಾಡಲು ಮರೆತು ನೀರಿಗಿಳಿದವರೂ ಇದ್ದಾರೆ. (ಹೌದು, ನಾನೇ.)

ರಿಪೇರಿಯ ಕಥೆ ಹೇಳದಿದ್ದರೆ ತಪ್ಪಾಗುತ್ತದೆ. ಅಂಚಿನಲ್ಲಿ ಹೆಬ್ಬೆಟ್ಟು ಗಾತ್ರದ ಒಂದು ಒಡಕು ಇತ್ತು. ಊರಲ್ಲಿ ಫೈಬರ್ ದೋಣಿ ರಿಪೇರಿ ಮಾಡುವವರೊಬ್ಬರ ಹತ್ತಿರ ಕೊಟ್ಟೆ. ಕೈ ಚಳಕದ ಮನುಷ್ಯ, ದೋಣಿಗೆ ಹಾಕುವ ಪಾಲಿಯೆಸ್ಟರ್ ರೆಸಿನ್ನನ್ನೇ ಇದಕ್ಕೂ ಹಾಕಿದರು. ಅದರಲ್ಲಿರುವ ಸ್ಟೈರೀನ್ ಅನ್ನುವ ದ್ರವ ಥರ್ಮೊಕೋಲನ್ನು ಕರಗಿಸಿಬಿಡುತ್ತದೆ. ನಮ್ಮ ಕಣ್ಣೆದುರೇ ರೆಸಿನ್ ಒಳಗೆ ಇಳಿಯುತ್ತಾ ಹೋಯಿತು. ಅವರು ಇನ್ನಷ್ಟು ಸುರಿದರು, ಅದೂ ಇಳಿಯಿತು. "ಎಂಥದು ಮಾರಾಯ್ರೆ ಇದು, ಕುಡೀತಾ ಉಂಟಲ್ಲ!" ಅಂದರು. ಹೆಬ್ಬೆಟ್ಟಿನ ಒಡಕು ಮುಷ್ಟಿ ಹಿಡಿಯುವ ಗುಹೆ ಆಯಿತು. ಅವರದ್ದೇನೂ ತಪ್ಪಿಲ್ಲ, ಒಳಗೆ ಥರ್ಮೊಕೋಲ್ ಇದೆ, ಎಪಾಕ್ಸಿಯೇ ಆಗಬೇಕು ಅಂತ ನಾನು ಹೇಳಬೇಕಿತ್ತು. ಒಡಕು ಕಂಡ ದಿನ ನೀರಿನಿಂದ ಹೊರಗೆ ಬನ್ನಿ, ಒಡಕನ್ನು ಕೆಳಮುಖ ಮಾಡಿ ನೆರಳಲ್ಲಿ ಒಣಗಿಸಿ, ಪೂರ್ತಿ ಒಣಗಿದ ಮೇಲೆ ಎಪಾಕ್ಸಿ ಹಾಕಿಸಿ. ಒದ್ದೆ ಇರುವಾಗ ಮುಚ್ಚಿದರೆ ಉಪ್ಪುನೀರನ್ನು ಒಳಗಿಟ್ಟು ಬೀಗ ಹಾಕಿದ ಹಾಗೆ.

ಅಲೆಯ ವಿಷಯಕ್ಕೆ ಬಂದರೆ, ಮುರಿಯುವುದೂ ಉಂಟು. ಸಸಿಹಿತ್ಲಿನಲ್ಲಿ, ಶಾಂಭವಿ ಮತ್ತು ನಂದಿನಿ ಸಮುದ್ರ ಸೇರುವ ಅಳಿವೆಯ ಆಸುಪಾಸಿನಲ್ಲಿ, ತಳ ಮರಳು. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದದ್ದು ಇದೇ ಕಡಲತೀರದಲ್ಲಿ. ಕಲ್ಲುಬಂಡೆಯ ಭಯ ಇಲ್ಲ, ಆದರೆ ದಡದಲ್ಲೇ ಧಪ್ ಅಂತ ಬೀಳುವ ಅಲೆಯ ಭಯ ಇದೆ. ಬೋರ್ಡಿನ ಮೂತಿ ಮರಳಿಗೆ ಚುಚ್ಚಿಕೊಂಡು ಅಲೆಯ ತುಟಿ ನಡುಭಾಗಕ್ಕೆ ಬಿದ್ದರೆ 7 ಕೆಜಿ ಏನು, 12 ಕೆಜಿಯದ್ದೂ ಎರಡು ತುಂಡು. ಕೊನೆಯ ಅಲೆಯನ್ನು ದಡದ ತನಕ ಹತ್ತಿಕೊಂಡು ಬರುವ ಆಸೆ ಬಿಡಿ, ಸೊಂಟದ ನೀರಿಗಿಂತ ಮೊದಲೇ ಇಳಿಯಿರಿ. ಬೋರ್ಡನ್ನು ನಿಮ್ಮ ಮತ್ತು ಅಲೆಯ ನಡುವೆ ಅಡ್ಡ ಹಿಡಿಯಬೇಡಿ. ಅದು ಬೋರ್ಡಿಗಿಂತ ನಿಮ್ಮ ಹಲ್ಲಿಗೆ ಅಪಾಯ.

ಹಗುರದ್ದು ಯಾರಿಗೆ ಅಂದರೆ, ದಿನಾ ನೀರಿಗಿಳಿಯುವವರಿಗೆ, ಸ್ಪರ್ಧೆಗೆ ಹೋಗುವವರಿಗೆ. ಅದು ತಿರುಗುವುದು ಬೇಗ, ಅಲೆ ಹಿಡಿಯುವುದೂ ಸುಲಭ, ಸುಳ್ಳಲ್ಲ. ಅವರು ಒಂದೆರಡು ವರ್ಷಕ್ಕೆ ಬೋರ್ಡು ಬದಲಿಸುತ್ತಾರೆ. ಗಾಳಿ ತುಂಬುವ ಬೋರ್ಡು ಶಾಂಭವಿ ಹೊಳೆಯಲ್ಲಿ ಸುತ್ತಾಡಲು ಚಂದ, ಅಲೆಗೆ ಬೇಡ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ನೋಡಲಾ ಅಂತಲೂ ಕೇಳಿದ್ದೀರಿ. ನೋಡಿ. ಹೋಗುವಾಗ ಲಗೇಜು ತೂಗುವ ಕೊಕ್ಕೆ ತಕ್ಕಡಿ ತಗೊಂಡು ಹೋಗಿ, ಕಂಪನಿ ಹೇಳಿದ ತೂಕಕ್ಕಿಂತ ಅರ್ಧ ಕೆಜಿ ಜಾಸ್ತಿ ಬಂದರೆ ನೀರು ಕುಡಿದಿದೆ ಅಂತ ಅನುಮಾನ ಪಡಿ. ಆಮೇಲೆ ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ ಬೆರಳ ಗೆಣ್ಣಿನಿಂದ ಇಡೀ ಮೇಲ್ಮೈ ತಟ್ಟುತ್ತಾ ಬನ್ನಿ. ಟಕ್ ಟಕ್ ಅಂತ ಬಂದರೆ ಅಂಟು ಗಟ್ಟಿ ಇದೆ. ನಡುವೆ ಎಲ್ಲಾದರೂ ಡಬ್ ಅಂದರೆ ಅಲ್ಲೇ ಹೆಬ್ಬೆರಳಿಟ್ಟು ಒತ್ತಿ. ಹಾಸಿನ ಅಡಿಯಲ್ಲೂ, ಹಿಮ್ಮಡಿ ಊರುವ ಜಾಗದಲ್ಲಿ ಮುಖ್ಯವಾಗಿ. ಮಾರುವವರು "ಅದು ಏನಿಲ್ಲ ಸರ್, ಸುಮ್ನೆ ಹಾಗೆ ಕೇಳಿಸುತ್ತೆ" ಅಂದರೆ, ನಾನು ನನ್ನದನ್ನು ಮಾರುವಾಗ ಅದನ್ನೇ ಹೇಳಲು ಹೊರಟಿದ್ದೆ.