ಓದುಗರ ಪ್ರಶ್ನೆ: ಪಣಂಬೂರಿನಲ್ಲಿ ಸಿಕ್ಕ ನಾವಿಕರು

ಪ್ರಶ್ನೆ: ಸುರತ್ಕಲ್ಲಿನಲ್ಲಿ ಓದುತ್ತಿರುವ ಮಗಳನ್ನು ನೋಡಲು ಹೋಗಿದ್ದಾಗ ಮಂಗಳೂರಿನ ಬಂದರು ಇರುವ ಪಣಂಬೂರಿನ ಮೊಬೈಲ್ ಅಂಗಡಿಯೊಂದರಲ್ಲಿ ಫಿಲಿಪ್ಪೀನ್ಸ್ ದೇಶದ ಇಬ್ಬರು ಯುವ ನಾವಿಕರು ಸಿಕ್ಕರು. ಮನೆಗೆ ಮಾತನಾಡಲು ಸಿಮ್ ಕೇಳುತ್ತಿದ್ದರು, ಅಂಗಡಿಯವರು ಕೊಡಲಿಲ್ಲ. ನನ್ನ ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟೆ, ಪಕ್ಕದಲ್ಲೇ ಟೀ ಕುಡಿಸಿದೆ. ಮೈಸೂರಿಗೆ ಬಂದರೆ ಅರಮನೆ ತೋರಿಸುತ್ತೇನೆ ಎಂದಾಗ ನಕ್ಕು, ಸಂಜೆಯೊಳಗೆ ಹಡಗು ಸೇರಬೇಕು ಎಂದರು. ವೀಸಾ ಇಲ್ಲದೆ ಅವರು ಹೀಗೆ ಓಡಾಡಬಹುದೇ? ನಾನು ಮಾಡಿದ್ದು ಸರಿಯೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ಓಡಾಡಬಹುದು. ಹಡಗಿನ ಸಿಬ್ಬಂದಿಯಾಗಿ ಬಂದವರ ಪಟ್ಟಿಯನ್ನು ಹಡಗಿನ ಏಜೆಂಟರು ಸಲ್ಲಿಸಿದ ಮೇಲೆ ವಲಸೆ ಅಧಿಕಾರಿಗಳು ಅವರಿಗೆ ‘ಶೋರ್ ಲೀವ್ ಪಾಸ್’, ಅಂದರೆ ದಡಕ್ಕಿಳಿಯುವ ಅನುಮತಿ ಚೀಟಿ, ಕೊಡುತ್ತಾರೆ. ಹಡಗು ಬಂದರಿನಲ್ಲಿ ಇರುವಷ್ಟು ದಿನ, ಆ ಊರಿನ ಮಟ್ಟಿಗೆ ಮಾತ್ರ ಅದು ನಡೆಯುತ್ತದೆ. ಸಂಪಾಜೆ ಘಾಟಿ ಹತ್ತಿ, ಮಡಿಕೇರಿ ದಾಟಿ ನಿಮ್ಮ ಅರಮನೆ ನೋಡಲು ಬರುವುದಕ್ಕೆ ಆ ಪಾಸು ಸಾಲದು, ಸಮಯವೂ ಸಾಲದು.

ಸಮಯದ ಮಾತನ್ನು ಸ್ವಲ್ಪ ವಿವರಿಸಬೇಕು. ಹಡಗು ದಡಕ್ಕೆ ಬಂತೆಂದರೆ ಎಲ್ಲರಿಗೂ ರಜೆ ಎಂದು ನಾವು ಒಳನಾಡಿನವರು ಭಾವಿಸುತ್ತೇವೆ. ಸರಕು ಇಳಿಸುವಾಗಲೂ ನಾಲ್ಕು ಗಂಟೆ ಪಾಳಿ, ಎಂಟು ಗಂಟೆ ಬಿಡುವು ಎಂಬ ಲೆಕ್ಕ ಅನೇಕ ಹಡಗುಗಳಲ್ಲಿ ಮುಂದುವರಿಯುತ್ತದೆ; ಆ ಎಂಟು ಗಂಟೆಯಲ್ಲೇ ನಿದ್ದೆ, ಬಟ್ಟೆ ಒಗೆಯುವುದು, ಗೇಟಿನ ತಪಾಸಣೆ, ಪೇಟೆ ಎಲ್ಲವೂ ಮುಗಿಯಬೇಕು. ಮರಳಬೇಕಾದ ಗಂಟೆಯನ್ನು ಹಡಗಿನಿಂದ ಇಳಿಯುವ ಏಣಿಯ ಬಳಿ ಹಲಗೆಯ ಮೇಲೆ ಬರೆದಿರುತ್ತಾರೆ. ತಡವಾದರೆ ಹಡಗು ಕಾಯುವುದಿಲ್ಲ. ಕುಡಿದು ಗಲಾಟೆ ಮಾಡುವ ನಾವಿಕನ ಚಿತ್ರ ಇನ್ನೂ ನಮ್ಮ ತಲೆಯಲ್ಲಿದ್ದರೆ ಅದನ್ನು ಬಿಡುವುದು ಒಳ್ಳೆಯದು. ಈಗ ಇಳಿದವರು ಮೊದಲು ಹುಡುಕುವುದು ನೆಟ್‌ವರ್ಕನ್ನು, ಆಮೇಲೆ ಶಾಂಪೂ, ಬಿಸ್ಕತ್ತುಗಳನ್ನು.

ದಡಕ್ಕಿಳಿಯುವುದು ಯಾರೋ ತೋರುವ ದಯೆಯೂ ಅಲ್ಲ. 2006ರಲ್ಲಿ ರೂಪುಗೊಂಡು 2013ರಲ್ಲಿ ಜಾರಿಗೆ ಬಂದ, ಭಾರತವು 2015ರಲ್ಲಿ ಒಪ್ಪಿದ ಕಡಲ ಕಾರ್ಮಿಕರ ಒಪ್ಪಂದವು, ಹಡಗಿನ ಕೆಲಸಕ್ಕೆ ಅಡ್ಡಿಯಾಗದಂತೆ, ನಾವಿಕರ ಆರೋಗ್ಯಕ್ಕಾಗಿ ಅವರಿಗೆ ಈ ಬಿಡುವು ಕೊಡಬೇಕೆನ್ನುತ್ತದೆ. ಆದರೆ 2004ರಿಂದ ಬಂದರುಗಳ ಭದ್ರತಾ ನಿಯಮಗಳು ಬಿಗಿಯಾದ ಮೇಲೆ, ಕಾಗದದ ಮೇಲಿರುವ ಹಕ್ಕು ಗೇಟಿನ ಹೊರಗೆ ಬರುವಷ್ಟರಲ್ಲಿ ಅರ್ಧ ದಿನ ಕಳೆದಿರುವುದೂ ಉಂಟು. 2020ರ ಕೊರೊನಾ ಕಾಲದಲ್ಲಂತೂ ತಮ್ಮ ಕೆಲಸದ ಕರಾರಿನ ಅವಧಿ ಮುಗಿದರೂ ಇಳಿಯಲಾಗದೆ ಸುಮಾರು 4 ಲಕ್ಷ ನಾವಿಕರು ಹಡಗುಗಳಲ್ಲೇ ಉಳಿದಿದ್ದರು.

ನೀವು ಮಾಡಿದ್ದು ಸರಿಯಾಗಿಯೇ ಇದೆ. ಎದುರಿಗೆ ಕೂತು ಹಾಟ್‌ಸ್ಪಾಟ್ ಕೊಡಿ, ಆದರೆ ನಿಮ್ಮ ಹೆಸರಿನ ಸಿಮ್ ಕೊಡಬೇಡಿ. ಅದರಿಂದ ಏನಾದರೂ ನಡೆದರೆ ಪೊಲೀಸರು ಮಂಡ್ಯಕ್ಕೇ ಬರುತ್ತಾರೆ. ಊಟಕ್ಕೆ ಕರೆಯಬಹುದು. ವಿದೇಶಿಯರನ್ನು ರಾತ್ರಿ ಉಳಿಸಿಕೊಂಡರೆ ಮಾತ್ರ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ತಿಳಿಸಬೇಕಾದ ಬಾಧ್ಯತೆ ಮನೆಯವರ ಮೇಲೆ ಬೀಳುತ್ತದೆ. ಅವರಲ್ಲಿ ಯಾರಾದರೂ ಹಡಗಿನ ಸಿಗರೇಟು, ಮದ್ಯ ಅಗ್ಗಕ್ಕೆ ಕೊಡುತ್ತೇನೆಂದರೆ ನಗುತ್ತಲೇ ಬೇಡವೆನ್ನಿ, ಅದು ಕಸ್ಟಮ್ಸ್ ಅಪರಾಧ. ವಾಟ್ಸಾಪ್ ಸಂಖ್ಯೆ ಪಡೆದಿದ್ದರೆ, ನಡುಗಡಲಿನಿಂದ ಉತ್ತರ ವಾರ ತಡವಾಗಿ ಬಂದರೂ ಬೇಸರಿಸಬೇಡಿ. ಅಲ್ಲಿ ಇಂಟರ್ನೆಟ್ಟು ಉಪಗ್ರಹದ್ದು, ಅದನ್ನೂ ಅನೇಕ ಹಡಗುಗಳಲ್ಲಿ ಅಳೆದು ಕೊಡುತ್ತಾರೆ.