ಫಿಜಿಗೆ ಒಂದು ವಾರ ಹೋದರೆ ಯಾವ ದ್ವೀಪ, ಯಾವ ಬೀಚ್ ನೋಡಬೇಕು?

ಫಿಜಿಯಲ್ಲಿ 300ಕ್ಕೂ ಹೆಚ್ಚು ದ್ವೀಪಗಳಿವೆ. ವಾರದಲ್ಲಿ ಎರಡು-ಮೂರಕ್ಕೆ ತೃಪ್ತಿಪಡಿ, ಸಾಕು. ವಿಮಾನ ಇಳಿಯುವ ಊರು ನಂದಿ, ನಮ್ಮ ನಂದಿಬೆಟ್ಟದ ನಂದಿಯಂತೆಯೇ ಉಚ್ಚಾರ. ಪಕ್ಕದ ಡೆನರಾವು ಬಂದರಿನಿಂದ ಬೆಳಿಗ್ಗೆ ದೋಣಿ ಹತ್ತಿ. ಮಮನುಥ ದ್ವೀಪಗಳು ಹತ್ತಿರ, ಒಂದೇ ದಿನದಲ್ಲಿ ಹೋಗಿ ಬರಬಹುದು. ನನ್ನ ಕೇಳಿದರೆ ಇನ್ನೂ ಉತ್ತರದ ಯಸಾವ ದ್ವೀಪಗಳಲ್ಲೇ ಎರಡು ರಾತ್ರಿ ಉಳಿಯಿರಿ.

ಹಳ್ಳಿಗೆ ಹೋಗುವುದಾದರೆ ನಂದಿ ಮಾರುಕಟ್ಟೆಯಲ್ಲಿ ಯಂಗೋನ, ಅಂದರೆ ಕಾವಾ ಎಂಬ ಪಾನೀಯ ಮಾಡುವ ಗಿಡದ ಬೇರಿನ ಕಟ್ಟು ಕೊಂಡುಕೊಳ್ಳಿ. ಊರಿನ ಮುಖ್ಯಸ್ಥರಿಗೆ ಅದನ್ನು ಒಪ್ಪಿಸುವುದೇ ಸೆವುಸೆವು. ಅದಾದ ಮೇಲೆ ನೀವು ಅತಿಥಿ. ಅಲ್ಲಿ ಟೋಪಿ ಹಾಕಬೇಡಿ, ಭುಜ, ಮೊಣಕಾಲು ಮುಚ್ಚಿರಲಿ.

ಇಳಿತದ ಹೊತ್ತಿನಲ್ಲಿ ಎಷ್ಟೋ ಬೀಚುಗಳಲ್ಲಿ ನೀರು ಮೊಣಕಾಲುದ್ದವೂ ಇರುವುದಿಲ್ಲ, ಹವಳ ಕಾಲು ಕೊಯ್ಯುತ್ತದೆ. ಈಜುವ ಮುನ್ನ ಉಬ್ಬರದ ಸಮಯ ಕೇಳಿಕೊಳ್ಳಿ. ಮೇಯಿಂದ ಅಕ್ಟೋಬರ್ ಒಳ್ಳೆಯ ಕಾಲ. ನವೆಂಬರ್‌ನಿಂದ ಏಪ್ರಿಲ್ ಚಂಡಮಾರುತದ ದಿನಗಳು.