ಬರೆದಿಟ್ಟರೆ ಡಾಕ್ಟರಿಗೆ ದುಡ್ಡು ಸಿಗುತ್ತದಾ?

ಪ್ರಶ್ನೆ: ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ವಯಸ್ಸು 58, ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಜಿಪಿ (ಫ್ಯಾಮಿಲಿ ಡಾಕ್ಟರ್) ಕ್ಲಿನಿಕ್‌ನಿಂದ ಪದೇ ಪದೇ ಮೆಸೇಜ್ ಬರುತ್ತದೆ. ಬಿಪಿ ಎಷ್ಟಿದೆ ತಿಳಿಸಿ, ಸಿಗರೇಟ್ ಸೇದುತ್ತೀರಾ ಹೇಳಿ ಅಂತ. ಇದನ್ನೆಲ್ಲ ದಾಖಲಿಸಿದರೆ ಕ್ಲಿನಿಕ್‌ಗೆ ಹಣ ಬರುತ್ತದೆ ಎಂದು ಗೆಳೆಯರೊಬ್ಬರು ಹೇಳಿದರು. ಹಾಗಿದ್ದರೆ ನಾನ್ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಉತ್ತರ: ಗೆಳೆಯರು ಹೇಳಿದ್ದು ನಿಜ. ಆದರೂ ಮೆಸೇಜಿಗೆ ಉತ್ತರ ಕೊಡಿ.

2004ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಜಿಪಿಗಳ ಹೊಸ ಒಪ್ಪಂದದ ಜೊತೆ ‘ಕ್ವಾಲಿಟಿ ಅಂಡ್ ಔಟ್‌ಕಮ್ಸ್ ಫ್ರೇಮ್‌ವರ್ಕ್’ ಬಂತು. ಎಲ್ಲರೂ ಅದನ್ನು ಕ್ಯುಒಎಫ್ ಎನ್ನುತ್ತಾರೆ. ಆರೈಕೆಗೆ ಅಂಕ ಕೊಟ್ಟು, ಅಂಕದ ಲೆಕ್ಕದಲ್ಲಿ ಹಣ ಕೊಡುವ ಪದ್ಧತಿ ಇದು. ಶುಗರ್, ಬಿಪಿ, ಅಸ್ತಮಾ, ಹೃದಯದ ಕಾಯಿಲೆ ಹೀಗೆ 146 ಅಂಶ, ಒಟ್ಟು 1050 ಅಂಕ. ಮೊದಲ ವರ್ಷ ಸಾಧಾರಣ ಗಾತ್ರದ ಕ್ಲಿನಿಕ್‌ಗೆ ಒಂದು ಅಂಕಕ್ಕೆ ಸುಮಾರು 75 ಪೌಂಡ್. ಇಂಗ್ಲೆಂಡಿನ ಕ್ಲಿನಿಕ್‌ಗಳು ಆ ವರ್ಷವೇ ಸರಾಸರಿ ಶೇ 90ಕ್ಕೂ ಜಾಸ್ತಿ ಅಂಕ ಬಾಚಿಕೊಂಡವು!

ಅಂಕ ಲೆಕ್ಕ ಹಾಕುವುದು ಕ್ಲಿನಿಕ್‌ನ ಕಂಪ್ಯೂಟರ್‌ನಲ್ಲಿ ಇರುವುದನ್ನು ನೋಡಿ. ಡಾಕ್ಟರು ಬಿಪಿ ನೋಡಿ, ಬುದ್ಧಿ ಹೇಳಿ ಕಳಿಸಿದರೂ ಟೈಪ್ ಮಾಡದಿದ್ದರೆ ಅಂಕವಿಲ್ಲ. ಹಾಗಾಗಿ ಎಲ್ಲರೂ ಟೈಪ್ ಮಾಡತೊಡಗಿದರು. ಇದರಲ್ಲಿ ದೊಡ್ಡ ಲಾಭವೂ ಆಯಿತು. ತಮ್ಮಲ್ಲಿ ಶುಗರ್ ಇರುವವರು ಯಾರ‍್ಯಾರು ಎಂಬ ಪೂರ್ತಿ ಪಟ್ಟಿ ಇದ್ದರೆ ತಾನೇ ಬಾರದೆ ಉಳಿದವರನ್ನು ಕರೆಯಲು ಆಗುವುದು? ನನ್ನ ಮಟ್ಟಿಗೆ ಆ ಪಟ್ಟಿಗೆ ಕೊಟ್ಟ ದುಡ್ಡು ದಂಡವಲ್ಲ.

ನಿಮಗೆ ಮತ್ತೆ ಮತ್ತೆ ಮೆಸೇಜ್ ಬರುವುದಕ್ಕೂ ಕಾರಣ ಅಲ್ಲೇ ಇದೆ. ಆಗಿನ ನಿಯಮದಲ್ಲಿ ಮೂರು ಸಲ ಕರೆದರೂ ಬಾರದ ರೋಗಿಯನ್ನು ಲೆಕ್ಕದಿಂದ ಹೊರಗಿಡಬಹುದಿತ್ತು. ಈಗ ಹೆಸರು, ವಿವರ ಬದಲಾಗಿವೆ, ಪದ್ಧತಿ ಉಳಿದಿದೆ. ಅಂದರೆ ನೀವು ಸುಮ್ನಿದ್ದರೆ ಕ್ಲಿನಿಕ್‌ಗೆ ಅಂಥ ನಷ್ಟವೇನೂ ಇಲ್ಲ. ಲೆಕ್ಕದಿಂದ ಜಾರಿಹೋಗುವವರು ನೀವು.

ಇನ್ನೊಂದು ಮುಖವೂ ಇದೆ. ಆಗ ಬಿಪಿಯ ಗುರಿ 150/90. ಸಂಶೋಧಕರು ದಾಖಲೆ ತೆಗೆದು ನೋಡಿದರೆ, ಗುರಿಗಿಂತ ಒಂಚೂರು ಕೆಳಗಿನ ಅಂಕಿಗಳೇ ಗುಂಪಾಗಿ ಕೂತಿದ್ದವು. ಎಲ್ಲವೂ ಸುಳ್ಳು ಅಂತಲ್ಲ. 152 ಬಂದಾಗ ಇನ್ನೊಮ್ಮೆ ನೋಡೋಣ ಅನ್ನಿಸುತ್ತದೆ, 148 ಬಂದಾಗ ಹಾಗೆ ಅನ್ನಿಸುವುದಿಲ್ಲ, ಅಲ್ವಾ? ಅಸ್ತಮಾ, ಹೃದಯದ ಕಾಯಿಲೆಯ ಆರೈಕೆಯಲ್ಲಿ ಹಣ ಗೊತ್ತುಮಾಡದೆ ಬಿಟ್ಟ ಭಾಗಗಳು ಕೆಲವು ವರ್ಷಗಳಲ್ಲಿ ಕುಸಿದವು. ಹಣ ಗೊತ್ತುಮಾಡಿದ ಭಾಗಗಳ ಆರೈಕೆಯೂ 2004ಕ್ಕೆ ಮೊದಲೇ ಸುಧಾರಿಸುತ್ತಾ ಬಂದಿತ್ತು. ಎಲ್ಲ ಶ್ರೇಯಸ್ಸನ್ನೂ ಹಣಕ್ಕೆ ಕೊಡುವುದು ಸರಿಯಲ್ಲ.

ನನಗೆ ಹೆಚ್ಚು ಕಲಿಸಿದ್ದು 2014. ಆ ವರ್ಷ ಕೆಲವು ಅಂಶಗಳಿಗೆ ಹಣ ನಿಲ್ಲಿಸಿದರು. ದಾಖಲೆ ತಕ್ಷಣ ಇಳಿಯಿತು. ‘ವ್ಯಾಯಾಮ, ಊಟದ ಬಗ್ಗೆ ಸಲಹೆ ಕೊಟ್ಟೆವು’ ಎಂಬಂಥ ನಮೂದುಗಳು ಎಲ್ಲಕ್ಕಿಂತ ಜಾಸ್ತಿ ಬಿದ್ದವು. ಲ್ಯಾಬ್ ಪರೀಕ್ಷೆಗಳಲ್ಲಿ ಇಳಿತ ಅಷ್ಟಿರಲಿಲ್ಲ. ಸಲಹೆ ಕೊಡುವುದನ್ನೇ ಬಿಟ್ಟರೋ, ಕೊಟ್ಟದ್ದನ್ನು ಬರೆಯುವುದನ್ನು ಬಿಟ್ಟರೋ? ದಾಖಲೆ ನೋಡಿ ಹೇಳಲು ಬರುವುದಿಲ್ಲ. ಸ್ಕಾಟ್ಲೆಂಡ್ 2016ರಲ್ಲಿ ಕ್ಯುಒಎಫ್ ಅನ್ನೇ ಕೈಬಿಟ್ಟಿತು. ಇಂಗ್ಲೆಂಡ್ ಹೊಸದಾಗಿ ಗುರುತಿಸಿದ ಪ್ರತಿ ಮರೆವಿನ ಕಾಯಿಲೆಗೆ 55 ಪೌಂಡ್ ಕೊಡುವ ಯೋಜನೆ ತಂದು, ಟೀಕೆಗಳ ನಡುವೆ 2015ರ ಮಾರ್ಚ್‌ಗೆ ಮುಗಿಸಿತು. ರೋಗದ ಹಣೆಪಟ್ಟಿಗೇ ಬೆಲೆ ಕಟ್ಟಿದ್ದು ನನಗೂ ಸರಿ ಕಾಣಲಿಲ್ಲ.

ನೀವು ಮಾಡಬೇಕಾದ್ದು ಇಷ್ಟು. ಮನೆಯಲ್ಲಿ ಕೆಲವು ದಿನ ಬಿಪಿ ನೋಡಿ, ಬಂದ ಅಂಕಿಯನ್ನು ಹಾಗೆಯೇ ಕಳಿಸಿ. ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಆ್ಯಪ್‌ನಲ್ಲಿ ನಿಮ್ಮ ದಾಖಲೆ ತೆರೆದು ಮಾತ್ರೆ, ಅಲರ್ಜಿ ಸರಿಯಾಗಿವೆಯಾ ನೋಡಿ. ತಂದೆ ತಾಯಿಗೆ ಶುಗರ್ ಇದ್ದರೆ ಅದನ್ನೂ ಕ್ಲಿನಿಕ್‌ಗೆ ತಿಳಿಸಿ. ಅದಕ್ಕೆ ಅವರು ಕೇಳುವವರೆಗೆ ಕಾಯಬೇಡಿ.

ಪ್ರಶ್ನೆ: ಹಾಸನದಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್ ಇದೆ. ಟಿಬಿ ರೋಗಿಯ ವಿವರ ಸರ್ಕಾರದ ‘ನಿಕ್ಷಯ್’ ಪೋರ್ಟಲ್‌ಗೆ ಹಾಕಿದರೆ 500 ರೂಪಾಯಿ ಕೊಡುತ್ತಾರಂತೆ. ಅದನ್ನು ರಿಸೆಪ್ಷನ್ ಹುಡುಗಿಗೇ ಕೊಟ್ಟು ಎಂಟ್ರಿ ಮಾಡಿಸಲೇ?

ಉತ್ತರ: ಮಾಡಿಸಿ. ಆದರೆ ತಿಳಿಸುವ ಜವಾಬ್ದಾರಿ ನಿಮ್ಮದೇ, ಡಾಕ್ಟರೇ. ಹಣ ಬರಲಿ ಬಿಡಲಿ, 2012ರಿಂದ ಟಿಬಿ ರೋಗಿಯ ಮಾಹಿತಿಯನ್ನು ಸರ್ಕಾರಕ್ಕೆ ಕೊಡುವುದು ಕಡ್ಡಾಯ.

ಖಾಸಗಿ ವೈದ್ಯರಿಗೆ ಮಾಹಿತಿ ಕೊಟ್ಟಾಗ 500, ಚಿಕಿತ್ಸೆ ಏನಾಯಿತೆಂದು ಕೊನೆಗೆ ತಿಳಿಸಿದಾಗ ಇನ್ನೊಂದು 500. ಈ ಎರಡನೇ 500 ನನಗೆ ಇಷ್ಟ. ಅದು ಬೇಕಾದರೆ ರೋಗಿ ಆರು ತಿಂಗಳು ಮಾತ್ರೆ ನುಂಗಿದನೋ ಇಲ್ಲವೋ ನೀವು ವಿಚಾರಿಸಲೇಬೇಕು. ಹುಡುಗಿಗೆ ಕೊಡುವ ಹಣವನ್ನೂ ಹೀಗೇ ಎರಡು ಭಾಗ ಮಾಡಿ. ಎಂಟ್ರಿ ಎಷ್ಟಾಯಿತು ಎಂದು ಎಣಿಸಬೇಡಿ. ಫೋನ್ ನಂಬರಿಗೆ ಒಮ್ಮೆ ರಿಂಗ್ ಮಾಡಿ ನೋಡಿದ್ದಾಳಾ, ವಿಳಾಸ ಪೂರ್ತಿ ಇದೆಯಾ, ರೋಗಿಯ ಬ್ಯಾಂಕ್ ಖಾತೆ ಸರಿಯಿದೆಯಾ ನೋಡಿ. ಖಾತೆ ನಂಬರ್ ಒಂದಂಕಿ ತಪ್ಪಿದರೂ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ ಬರುವ 1000 ರೂಪಾಯಿ ನಿಂತುಬಿಡುತ್ತದೆ.